ಇಲ್ಲದ ನಾಲ್ಕು ಮೋಡಗಳು

ನನ್ನ ಕೆಲಸ ಮೋಡ ನೋಡುವುದು. ಹೀಗೆ ಹೇಳಿದರೆ ಕೆಲವರು ನಗುತ್ತಾರೆ, ಕೆಲವರು ಪಾಪ ಅನ್ನುತ್ತಾರೆ. ತಮ್ಮನ ಹೆಂಡತಿಯಂತೂ ಮದುವೆಯಾಗಿ ಬಂದ ಹೊಸದರಲ್ಲಿ, "ಅದಕ್ಕೂ ಸಂಬಳ ಕೊಡ್ತಾರಾ ಅತ್ತಿಗೆ?" ಎಂದು ಮುಖಕ್ಕೇ ಕೇಳಿದ್ದಳು. ಕೊಡುತ್ತಾರೆ. ಊರಾಚೆಯ ಬಯಲಿನ ತುಂಬ ಸೌರಫಲಕಗಳನ್ನು ಹಾಸಿದ್ದಾರೆ. ಬಯಲಿನ ಅಂಚಿಗೆ ಎರಡಂತಸ್ತಿನ ಒಂದು ಕಚೇರಿ ಇದೆ. ಅದರ ತಾರಸಿಯ ಮೇಲೆ ಒಂದು ತಗಡಿನ ಚಪ್ಪರ, ಚಪ್ಪರದ ಕೆಳಗೆ ಮೇಜು, ಕುರ್ಚಿ, ಫೋನು, ದಪ್ಪ ರಟ್ಟಿನ ಒಂದು ದಾಖಲೆ ಪುಸ್ತಕ, ಮತ್ತು ನಾನು. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ. ಅದರ ಒಂದು ಕಾಲು ಗಿಡ್ಡ, ಕೆಳಗೆ ಮಡಿಸಿಟ್ಟ ರಟ್ಟನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಸರಿಯಾಗಿ ಹೇಳಬೇಕೆಂದರೆ, ಬರಲಿರುವ ಮೋಡವನ್ನು ಮುಂಚೆಯೇ ಹೇಳುವುದು ನನ್ನ ಕೆಲಸ. ಫಲಕಗಳ ಮೇಲೆ ನೆರಳು ಬಿದ್ದರೆ ವಿದ್ಯುತ್ತು ಕುಸಿಯುತ್ತದೆ. ರಾತ್ರಿಯಾದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ನೋಡಿಕೊಳ್ಳುತ್ತವೆ, ಆದರೆ ಹಗಲು ಹೊತ್ತು ಆಸ್ಪತ್ರೆ, ನೀರಿನ ಪಂಪು, ನೂಲಿನ ಗಿರಣಿ ಎಲ್ಲಕ್ಕೂ ಆ ಬಯಲೇ ಗತಿ. ಅದಕ್ಕೆ ಬೆಳಿಗ್ಗೆ ಏಳಕ್ಕೆ ನಾನು ಫೋನೆತ್ತಿ, ವಿದ್ಯುತ್ ಹಂಚುವ ಕೇಂದ್ರದಲ್ಲಿ ಕೂತ ಸಾಹೇಬರಿಗೆ ಆ ದಿನದ ಆಕಾಶವನ್ನು ಹೇಳಬೇಕು. ದಿನವನ್ನು ಕಾಲು ಗಂಟೆಯ ತುಂಡುಗಳಾಗಿ ಕತ್ತರಿಸಿಟ್ಟಿದ್ದೇವೆ, ಮಾತಾಡುವಾಗಲೂ ತುಂಡು ಎಂದೇ ಅನ್ನುತ್ತೇವೆ. ಮೋಡ ಮೂರು ತುಂಡಿನವರೆಗೆ ನಿಂತರೆ ಬ್ಯಾಟರಿ ಅಂಗಳ ಆ ಭಾರವನ್ನು ಹೊತ್ತುಕೊಳ್ಳುತ್ತದೆ. ಮೂರು ದಾಟಿದರೆ ಅದರ ಕೈಯಲ್ಲಾಗದು, ಹಳೆಯ ಕಲ್ಲಿದ್ದಲ ಬಾಯ್ಲರು ಹಚ್ಚಬೇಕು. ಅದು ಕಾದು ಉಗಿ ಬರಲು ಐದು ಗಂಟೆ ಬೇಕು. ಆದ್ದರಿಂದಲೇ ಬೆಳಿಗ್ಗೆ ಏಳರ ಈ ಧಾವಂತ.

ಆ ಬಾಯ್ಲರು ನನ್ನ ತಮ್ಮನದು. ಅವನದು ಎಂದರೆ ಅವನಪ್ಪ, ಅಂದರೆ ನಮ್ಮಪ್ಪ, ಕಟ್ಟಿಸಿದ್ದೇನಲ್ಲ. ಅದರ ಬೆಂಕಿ ನೋಡಿಕೊಳ್ಳುವವನು ಅವನು. ಬಯಲಿನ ಪಶ್ಚಿಮಕ್ಕೆ ಅದರ ಚಿಮಣಿ ನಿಂತಿದೆ. ನನ್ನ ಕುರ್ಚಿಯಲ್ಲಿ ಕೂತರೆ ಚಿಮಣಿ ಎಡಗಣ್ಣಿನ ಅಂಚಿಗೆ ಬರುತ್ತದೆ, ಹೀಗಾಗಿ ಹದಿನಾಲ್ಕು ವರ್ಷದಿಂದ ನಾನು ಆಕಾಶವನ್ನೂ ತಮ್ಮನನ್ನೂ ಒಟ್ಟಿಗೇ ನೋಡಿಕೊಂಡು ಬಂದಿದ್ದೇನೆ. ಮನೆಯಲ್ಲಿ ಅವನಿಗೆ ಕೆಂಡ ಎಂದು ಹೆಸರು. ಕೋಪಿಷ್ಠ ಎಂದಲ್ಲ, ಅವನಷ್ಟು ತಣ್ಣಗಿನ ಮನುಷ್ಯ ನಮ್ಮ ವಂಶದಲ್ಲೇ ಇಲ್ಲ. ಕೋಪವೆಲ್ಲ ನನ್ನ ಪಾಲಿಗೆ ಬಂದಿದೆ.

ಎರಡು ವರ್ಷದ ಹಿಂದೆ ಸರ್ಕಾರ ಒಂದು ನಿಯಮ ಮಾಡಿತು. ಯಾವುದೇ ಕಲ್ಲಿದ್ದಲ ಬಾಯ್ಲರು ಸತತ ತೊಂಬತ್ತು ದಿನ ಹಚ್ಚುವ ಅಗತ್ಯ ಬೀಳದೆ ಸುಮ್ಮನಿದ್ದರೆ ಅದನ್ನು ಶಾಶ್ವತವಾಗಿ ಮುಚ್ಚತಕ್ಕದ್ದು. ಕಾಗದ ನನ್ನ ಮೇಜಿಗೂ ಬಂತು. ಓದಿ, ಒಳ್ಳೆಯ ನಿಯಮ ಎಂದುಕೊಂಡೆ. ಕಲ್ಲಿದ್ದಲ ಹೊಗೆ ಮೇಲೆ ಹೋಗಿ ಕರಗಿಹೋಗುವುದಿಲ್ಲ, ಕಂಬಳಿ ಹೊದ್ದಂತೆ ಭೂಮಿಯ ಮೇಲೆ ಉಳಿದು ಬಿಸಿ ಏರಿಸುತ್ತಲೇ ಇರುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಅದನ್ನು ನಂಬಿದವಳು. ಆಮೇಲೆ ಕಾಗದ ಮಡಿಸುವಾಗ ಎಡಗಣ್ಣಿನ ಅಂಚಿಗೆ ಚಿಮಣಿ ಕಂಡಿತು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಓದಿದೆ. ಬಾಯ್ಲರಿನ ಕೆಲಸದವರಿಗೆ ಬೇರೆ ಕಡೆ ಜಾಗ ಕೊಡುವ ಬಗ್ಗೆ ಪರಿಶೀಲಿಸಲಾಗುವುದು ಎಂದು ಕೊನೆಯ ಸಾಲಿತ್ತು. ಪರಿಶೀಲಿಸಲಾಗುವುದು ಎಂಬ ಮಾತಿನ ಬೆಲೆ ಕಚೇರಿಯಲ್ಲಿ ಕೂದಲು ಹಣ್ಣಾದವರಿಗೆ ಚೆನ್ನಾಗಿ ಗೊತ್ತು. ತಮ್ಮನಿಗೆ ನಲವತ್ತಾರು, ಬೆಂಕಿ ಬಿಟ್ಟರೆ ಬೇರೆ ವಿದ್ಯೆ ತಿಳಿಯದು.

ನಮ್ಮೂರಲ್ಲಿ ಮೋಡವೇ ಅಪರೂಪ. ಮಳೆಯೂ ನಾಚಿಕೆಯದು, ರಾತ್ರಿ ಬಂದು ಯಾರಿಗೂ ಕಾಣದಂತೆ ಹೊರಟುಹೋಗುತ್ತದೆ. ನಾವು ಚಿಕ್ಕವರಿದ್ದಾಗ ಅಮ್ಮ ಗಿರಣಿಗೆ ಹೋದ ಮೇಲೆ ತಮ್ಮನನ್ನು ಮಲಗಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಮಧ್ಯಾಹ್ನ ಇಬ್ಬರೂ ನೀರಿನ ತೊಟ್ಟಿಯ ಪಕ್ಕದ ನೆರಳಲ್ಲಿ ಅಂಗಾತ ಮಲಗುತ್ತಿದ್ದೆವು. ಮೇಲೆ ಬರೀ ನೀಲಿ. ನೋಡಲು ಏನೂ ಇಲ್ಲದೆ ಅವನು ರಾಗ ತೆಗೆಯುತ್ತಿದ್ದ. ಆಗ ನಾನು ಇಲ್ಲದ ಮೋಡ ತೋರಿಸುತ್ತಿದ್ದೆ. ಅಲ್ನೋಡು, ದಿಂಬು ಬಂತು. ಅದರ ಹಿಂದೆ ಎಮ್ಮೆ ಬಂತು, ಅದಕ್ಕೆ ಬಾಲ ಇಲ್ಲ. ಇದು ಸೋಮಾರಿ, ನಡೆಯೋದೇ ಇಲ್ಲ, ನಿಂತಲ್ಲೇ ನಿಂತಿದೆ. ಅವನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಹೂಂ ಅನ್ನುತ್ತಿದ್ದ, ಮೂರನೆಯದು ಬರುವಷ್ಟರಲ್ಲಿ ಉಸಿರು ಭಾರವಾಗುತ್ತಿತ್ತು. ನಾನು ಮಾತ್ರ ಎಚ್ಚರವಾಗಿದ್ದು, ಹೇಳಿದ ಮೋಡಗಳು ನಿಧಾನವಾಗಿ ದಾಟಿಹೋಗುವುದನ್ನು ನೋಡುತ್ತಿದ್ದೆ. ಅವು ನನಗೆ ನಿಜವಾಗಿಯೂ ಕಾಣುತ್ತಿದ್ದವು.

ನಿಯಮ ಬಂದ ಮೇಲೆ ದಿನಗಳು ಒಂದೊಂದಾಗಿ ಕಳೆದವು. ಎಂಬತ್ತೇಳನೆಯ ದಿನ ಬೆಳಿಗ್ಗೆ ಪಶ್ಚಿಮದಲ್ಲಿ ಒಂದು ಮಸುಕು ಗೆರೆ ಕಂಡಿತು. ಕಂಡಿದ್ದೋ, ಕಾಣಬೇಕೆಂದು ಕಂಡಿದ್ದೋ, ಇವತ್ತಿಗೂ ಆಣೆಯಿಟ್ಟು ಹೇಳಲಾರೆ. ಫೋನಿನಲ್ಲಿ ಸಾಹೇಬರಿಗೆ, "ಮಧ್ಯಾಹ್ನ ಒಂದು ಗಂಟೆಗೆ ಮೋಡ ಬರುತ್ತೆ, ನಾಲ್ಕು ತುಂಡು ನಿಲ್ಲುತ್ತೆ," ಎಂದೆ. ಬಾಯ್ಲರು ಹಚ್ಚಲು ಆದೇಶ ಹೋಯಿತು. ಹತ್ತು ಗಂಟೆಗೆ ನೋಡಿದರೆ ಗೆರೆಯೂ ಇಲ್ಲ, ಗಿರೆಯೂ ಇಲ್ಲ. ಆಕಾಶ ತೊಳೆದಿಟ್ಟ ಪಾತ್ರೆಯಂತಿತ್ತು. ಮರ್ಯಾದೆ ಮೂರು ಕಾಸಿಗೆ ಹೋಯಿತು ಎಂದುಕೊಂಡು ಕೂತೆ. ನನ್ನ ಚಪ್ಪರದ ಪಕ್ಕದಲ್ಲೇ ಆಕಾಶಕ್ಕೆ ಮುಖ ಮಾಡಿದ ಕ್ಯಾಮೆರಾ ಇದೆ. ನಾನು ಹೇಳಿದ್ದು ಬಂತೋ ಇಲ್ಲವೋ ಎಂದು ಅದು ಪ್ರತಿ ತುಂಡಿಗೂ ಪಟ ತೆಗೆದು ಮೇಲಿನವರಿಗೆ ಚಾಡಿ ಹೇಳುತ್ತದೆ.

ಒಂದಕ್ಕೆ ಐದು ನಿಮಿಷವಿರುವಾಗ ಚಿಮಣಿಯಿಂದ ಹೊಗೆ ಬಂತು. ಎಂದಿನ ತೆಳು ಹೊಗೆಯಲ್ಲ, ದಪ್ಪನೆಯ ಕರಿ ಹೊಗೆ. ಮಧ್ಯಾಹ್ನದ ಪಡುಗಾಳಿ ಅದನ್ನು ಹಿಡಿದು ಬಯಲಿನ ಮೇಲೆ ಹರಡಿತು. ಹರಡುತ್ತ ಹರಡುತ್ತ ಅದರ ಕಪ್ಪು ಬೂದಿಯಾಯಿತು, ಬೂದಿ ಬಿಳುಪಾಯಿತು, ನೆರಳು ಸಾಲುಸಾಲು ಫಲಕಗಳನ್ನು ಹತ್ತಿ ಇಳಿಯಿತು. ಸರಿಯಾಗಿ ನಾಲ್ಕು ತುಂಡು. ಕ್ಯಾಮೆರಾ ಅದನ್ನು ಮೋಡ ಎಂದೇ ಬರೆದುಕೊಂಡಿತು. ಸಂಜೆ ಸಾಹೇಬರು ಫೋನು ಮಾಡಿ, "ನಿಮ್ಮ ಮೋಡ ಗಡಿಯಾರ ನೋಡ್ಕೊಂಡು ಬರುತ್ತಲ್ಲ ಮೇಡಂ," ಎಂದು ಹೊಗಳಿದರು.

ದೇವರು ನನ್ನ ಕಡೆ ಇದ್ದಾನೆ ಎಂದುಕೊಂಡೆ. ಸುಳ್ಳು ಮೋಡ ತಾನೇ ಬೆಂಕಿ ಹಚ್ಚಿಸಿತು, ಬೆಂಕಿ ಹೊಗೆ ಕೊಟ್ಟಿತು, ಹೊಗೆ ಮೋಡವಾಯಿತು. ಎಲ್ಲ ಒಂದು ಸುತ್ತು ಬಂದು ಸರಿಹೋಯಿತು. ತಮ್ಮನ ಬಾಯ್ಲರಿಗೆ ಇನ್ನೂ ತೊಂಬತ್ತು ದಿನ ಸಿಕ್ಕಿತು.

ಆಮೇಲಿನವು ಬೇಕೆಂದೇ ಹೇಳಿದ ಮೋಡಗಳು, ಅದರಲ್ಲಿ ಮುಚ್ಚುಮರೆ ಇಲ್ಲ. ಎಂಬತ್ತೆಂಟನೆಯ ದಿನವೋ ಎಂಬತ್ತೊಂಬತ್ತನೆಯ ದಿನವೋ ಒಂದು ಮೋಡ. ಮೊದಲನೆಯದನ್ನು ದಿಂಬು ಎಂದು ಕರೆದಿದ್ದೆ, ಎರಡನೆಯದು ಎಮ್ಮೆ, ಮೂರನೆಯದು ಸೋಮಾರಿ. ಸಾಹೇಬರಿಗೆ ಬರೀ ದಿಕ್ಕು, ವೇಗ, ವೇಳೆ, ತುಂಡು ಹೇಳುತ್ತಿದ್ದೆ. ಹೆಸರು ನನ್ನ ಮನಸ್ಸಿನಲ್ಲಿರುತ್ತಿತ್ತು. ನಿಜವಾದ ಮೋಡಗಳು ಬಂದು ಹೋಗಿ ಮರೆತುಹೋಗುತ್ತಿದ್ದವು. ನಾನೇ ಹುಟ್ಟಿಸಿದವು ಮಾತ್ರ ಮಧ್ಯಾಹ್ನದ ಜೊಂಪಿನಲ್ಲಿ ತಿರುಗಿ ಬರುತ್ತಿದ್ದವು, ಬಯಲಿನ ಮೇಲೆ ನಿಂತು ನನ್ನನ್ನು ನೋಡುತ್ತಿದ್ದವು. ಫಲಕಗಳು ಬಿಸಿಲಿಗೆ ಕೆರೆಯ ನೀರಿನಂತೆ ಮಿನುಗುವ ಹೊತ್ತಿನಲ್ಲಿ ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ಗೊತ್ತಾಗುತ್ತಿರಲಿಲ್ಲ. ಪ್ರತಿ ಸಲವೂ ಒಂದಕ್ಕೆ ಐದು ನಿಮಿಷವಿರುವಾಗ ಚಿಮಣಿ ನನ್ನ ಮಾತು ಉಳಿಸುತ್ತಿತ್ತು. ನಾಲ್ಕನೆಯ ಮೋಡದ ದಿನವಂತೂ ನಾನು ನಿಶ್ಚಿಂತೆಯಿಂದ ಚಹಾ ತರಿಸಿಕೊಂಡು, ಕುರ್ಚಿಗೆ ಒರಗಿ, ಅದು ಕರಗುವವರೆಗೂ ಚಂದ ನೋಡಿದೆ.

ತಮ್ಮನ ಮನೆ ಚಿಮಣಿಯ ಹಿಂದಿನ ಬೀದಿಯಲ್ಲಿದೆ. ವಾರಕ್ಕೊಮ್ಮೆ ಅಲ್ಲಿ ನನ್ನ ಊಟ. ನಾಲ್ಕನೆಯ ಮೋಡವಾಗಿ ಕೆಲವು ದಿನದ ಮೇಲೆ ಹೋದಾಗ ಅವನು ತುಂಬುತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು ಕೂತಿದ್ದ. ಅದೂ ಕಡು ಬೇಸಿಗೆಯಲ್ಲಿ. "ಏನೋ ಕೆಂಡ, ಯಾರ ಮದುವೆಗೆ ಹೊರಟಿದೀಯ?" ಎಂದು ಛೇಡಿಸಿದೆ. ಅವನು ನಕ್ಕ. ಅವನ ಹೆಂಡತಿ ನಗಲಿಲ್ಲ. ಹಿತ್ತಿಲಿನಲ್ಲಿ ಒಣಗಿಸಿದ ಬಟ್ಟೆಯ ಮೇಲಿನ ಮಸಿ ಕೊಡವುತ್ತ, "ಅತ್ತಿಗೆ, ಇನ್ನೂ ಎಷ್ಟು ದಿನ ಬರುತ್ವೆ ಈ ಮೋಡಗಳು?" ಎಂದಳು. ಬಟ್ಟೆ ಕೊಳೆಯಾಗುವ ಸಂಕಟ ಎಂದುಕೊಂಡು ನಾನು ಮಾತು ತೇಲಿಸಿದೆ.

ಅದಾದ ಮೇಲೆ ಒಂದು ದಿನ ಕಚೇರಿಯ ಗೋಡೆಗೆ ಹೊಸ ಪಟ್ಟಿ ಅಂಟಿಸಿದರು. ಬಾಯ್ಲರು ಒಮ್ಮೆ ಹಚ್ಚಿ ಆರಿಸಿದರೆ ಎಂಟು ಲಾರಿ ಕಲ್ಲಿದ್ದಲು ಎಂದು ಅದರಲ್ಲಿತ್ತು. ಅಲ್ಲಿಯವರೆಗೆ ನಾನು ಲಾರಿ ಎಣಿಸಿರಲಿಲ್ಲ, ಮೋಡ ಎಣಿಸಿದ್ದೆ. ನಾಲ್ಕು ಮೋಡಕ್ಕೆ ಮೂವತ್ತೆರಡು ಲಾರಿ. ಒಂದರ ಹಿಂದೊಂದು ನಿಲ್ಲಿಸಿದರೆ ನಮ್ಮ ಕಚೇರಿಯ ಗೇಟಿನಿಂದ ಆಸ್ಪತ್ರೆಯ ತಿರುವಿನವರೆಗೆ ಬರುತ್ತವೆ. ಆ ಇಡೀ ಬೀದಿಯನ್ನು ನಾನು ಸುಮ್ಮನೆ ಆಕಾಶಕ್ಕೆ ತೂರಿದ್ದೆ. ನಾಚಿಕೆಯಾಯಿತು. ನಾಚಿಕೆಯಾದರೂ ಎಡಗಣ್ಣಿನ ಅಂಚಿಗೆ ಚಿಮಣಿ ಇದ್ದೇ ಇತ್ತು.

ಎಂಬತ್ತೇಳು ಬಂತು, ಮೋಡವಿಲ್ಲ ಎಂದು ಹೇಳಿದೆ. ಎಂಬತ್ತೆಂಟು ಬಂತು, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಎಂಬತ್ತೊಂಬತ್ತು. ಮನಸ್ಸು ತಕ್ಕಡಿಯಂತೆ ತೂಗಿ ತೂಗಿ ಕೊನೆಗೆ ಒಂದು ಕಡೆ ವಾಲಿತು. ಇದೊಂದು ಸಲ, ಕೊನೆಯ ಸಲ, ಎಂದು ತೀರ್ಮಾನಿಸಿ ತೊಂಬತ್ತನೆಯ ದಿನ ಬೆಳಿಗ್ಗೆ ಆರೂಕಾಲಿಗೇ ತಾರಸಿ ಹತ್ತಿದೆ.

ನನಗಿಂತ ಮುಂಚೆ ತಮ್ಮ ಬಂದು ಕೂತಿದ್ದ. ನನ್ನ ಕುರ್ಚಿಯಲ್ಲಲ್ಲ, ನೆಲದ ಮೇಲೆ, ಗೋಡೆಗೆ ಒರಗಿ. ಅದೇ ತುಂಬುತೋಳಿನ ಅಂಗಿ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅವನು ನನ್ನ ತಾರಸಿಗೆ ಬಂದವನಲ್ಲ.

"ಏನೋ, ಇಷ್ಟು ಬೆಳಿಗ್ಗೆ? ಮನೇಲೆಲ್ಲ ಹುಷಾರಾಗಿದಾರಾ?"

"ಎಲ್ಲ ಹುಷಾರು. ಅಕ್ಕ, ಇವತ್ತು ಮೋಡ ಹಾಕ್ಬೇಡ."

ಸಿಕ್ಕಿಬಿದ್ದೆ. ಆದರೂ ಜಂಬ ಬಿಡದೆ, "ಮೋಡ ಹಾಕೋಕೆ ಅದೇನು ರಂಗೋಲೀನಾ? ಬಂದ್ರೆ ಬರುತ್ತೆ, ಬರ್ದಿದ್ರೆ ಇಲ್ಲ," ಎಂದೆ.

"ಅಕ್ಕ," ಎಂದ ಅವನು, ಅಮ್ಮನ ದನಿಯಲ್ಲಿ. "ನಾನೂ ಇದೇ ಆಕಾಶದ ಕೆಳಗೆ ಇರೋದು. ಆದೇಶ ಬಂದಾಗೆಲ್ಲ ಹೊರಗೆ ಬಂದು ನೋಡ್ತೀನಿ. ವಾಯವ್ಯದಿಂದ ಬರುತ್ತೆ, ನಿಧಾನಕ್ಕೆ ನಡೆಯುತ್ತೆ ಅಂತ ಬರೆದಿರುತ್ತೆ. ಓದಿದ ತಕ್ಷಣ ಗೊತ್ತಾಗಿತ್ತು, ಇದು ನಮ್ಮ ಸೋಮಾರಿ ಅಂತ."

ನಾನು ಕುರ್ಚಿಗೆ ಕುಸಿದೆ. ಗಿಡ್ಡ ಕಾಲು ಕಟ್ ಎಂದಿತು.  ಬಯಲಿನ ಮೇಲೆ ಬೆಳಕು ಒಂದೊಂದೇ ಸಾಲು ಮುಂದೆ ಬರುತ್ತಿತ್ತು.

"ಗೊತ್ತಿದ್ದೂ ಯಾಕೆ ಹಚ್ಚಿದೆ?" ಎಂದು ಕೊನೆಗೆ ಕೇಳಿದೆ.

"ನೀನು ಯಾಕೆ ಹೇಳ್ತಿದ್ದೆಯೋ, ಅದಕ್ಕೇ."

"ನಾನು ಯಾಕೆ ಹೇಳ್ತಿದ್ದೆ?"

"ಮೋಡವೇ ಬರದ ಊರಲ್ಲಿ ಮೋಡ ನೋಡೋಳು ಯಾಕೆ ಬೇಕು ಅಂತ ನಿನ್ನ ಕೆಲಸ ತೆಗೀತಾರೆ ಅಂತ ಹೆದರಿದೀಯ ಅಂದ್ಕೊಂಡೆ. ಕ್ಯಾಮೆರಾ ಬೇರೆ ತಂದಿಟ್ಟಿದಾರೆ. ಒಂಟಿ ಹೆಂಗಸು, ಯಾರ ಮುಂದೆಯೂ ಬಾಯಿ ಬಿಡೋಳಲ್ಲ. ನಿನ್ನ ಮಾತು ಸುಳ್ಳಾಗಬಾರದು ಅಂತ..." ಅವನು ನಿಲ್ಲಿಸಿದ. ಆಮೇಲೆ ತಪ್ಪೊಪ್ಪಿಕೊಳ್ಳುವವನಂತೆ ನೆಲ ನೋಡುತ್ತ ಹೇಳಿದ. "ಒಲೆಗೆ ಹೋಗೋ ಗಾಳಿ ಕಡಿಮೆ ಮಾಡ್ತಿದ್ದೆ. ಗಾಳಿ ಕಡಿಮೆ ಆದ್ರೆ ಕಲ್ಲಿದ್ದಲು ಸರಿಯಾಗಿ ಉರಿಯಲ್ಲ, ಕರಿ ಹೊಗೆ ಬರುತ್ತೆ. ಎಷ್ಟೊತ್ತಿಗೆ ಬೇಕು, ಎಷ್ಟು ತುಂಡು ಬೇಕು ಅಂತ ಆದೇಶದಲ್ಲೇ ಇರುತ್ತಿತ್ತಲ್ಲ."

ದೇವರು ನನ್ನ ಕಡೆ ಇರಲಿಲ್ಲ. ತಮ್ಮ ಇದ್ದ. ನನಗೆ ಅಳು ಬಂತು, ಅದನ್ನು ಮುಚ್ಚಲು ಕೋಪ ಬರಿಸಿಕೊಂಡೆ. "ಲೋ ಮುಠ್ಠಾಳ, ನಾನು ಮಾಡಿದ್ದು ನಿನ್ನ ಕೆಲಸ ಉಳೀಲಿ ಅಂತ ಕಣೋ. ನನ್ನ ಕೆಲಸಕ್ಕೆ ಏನಾಗಿದೆ ಧಾಡಿ?"

ಅವನು ತಲೆಯೆತ್ತಿ ನನ್ನನ್ನೇ ನೋಡಿದ.  ಆಮೇಲೆ ನಿಧಾನವಾಗಿ ಬಲತೋಳಿನ ಗುಂಡಿ ಬಿಚ್ಚಿ ಅಂಗಿಯನ್ನು ಮೇಲೆ ಸರಿಸಿದ. ಮಣಿಕಟ್ಟಿನಿಂದ ಮೊಣಕೈಯವರೆಗೆ ಚರ್ಮ ಹೊಳೆಯುತ್ತಿತ್ತು, ಗುಲಾಬಿ ಬಣ್ಣ, ಸುಕ್ಕು ಸುಕ್ಕು. ಗಾಳಿ ಕಟ್ಟಿದ ಒಲೆಯೊಳಗೆ ಉರಿಯದ ಅನಿಲ ತುಂಬಿಕೊಂಡಿರುತ್ತದೆ. ನಾಲ್ಕನೆಯ ಸಲ, ಬೆಂಕಿ ಹೇಗಿದೆ ಎಂದು ನೋಡಲು ಇಣುಕು ಕಿಂಡಿ ತೆಗೆದಾಗ ಅದು ಒಮ್ಮೆಲೇ ಹೊತ್ತಿಕೊಂಡು ಹೊರಗೆ ಚಿಮ್ಮಿತಂತೆ. ಮುಖ ತಪ್ಪಿಸಿಕೊಂಡನಂತೆ, ಕೈ ತಪ್ಪಲಿಲ್ಲ. ಮನೆಯಲ್ಲಿ ಅಕ್ಕನಿಗೆ ಹೇಳಕೂಡದು ಎಂದು ಹೆಂಡತಿಯ ಬಾಯಿ ಕಟ್ಟಿದ್ದನಂತೆ.

ಯಾರ ಮದುವೆಗೆ ಹೊರಟಿದೀಯ ಎಂದು ಕೇಳಿದ್ದೆ ನಾನು.  ಅವನ ಕೈಯನ್ನು ಮುಟ್ಟಬೇಕೆಂದುಕೊಂಡೆ, ನೋವಾದೀತೆಂದು ಅಂಗಿಯ ಅಂಚನ್ನು ಮಾತ್ರ ಹಿಡಿದುಕೊಂಡೆ.

"ಕೆಲಸ ಹೋದ್ರೆ ಏನು ಮಾಡ್ತೀಯೋ?"

"ಗೊತ್ತಿಲ್ಲ. ಬ್ಯಾಟರಿ ಅಂಗಳದಲ್ಲಿ ಕೇಳ್ಬೇಕು. ಅಲ್ಲೂ ಬಿಸಿ ನೋಡೋಕೆ ಜನ ಬೇಕಂತೆ. ಕೊಟ್ರೆ ಸರಿ, ಇಲ್ದಿದ್ರೆ ಇಲ್ಲ." ಸುಟ್ಟ ಕೈ ನೋಡಿಕೊಳ್ಳುತ್ತ, "ಆದ್ರೆ ಆ ಕಿಂಡಿ ತೆಗೆಯೋಕೆ ನಂಗೆ ಈಗ ಹೆದರಿಕೆಯಾಗುತ್ತೆ ಅಕ್ಕ. ಯಾರಿಗೂ ಹೇಳಿಲ್ಲ," ಎಂದ.

ಏಳಕ್ಕೆ ಹದಿನೈದು ನಿಮಿಷವಿತ್ತು. ರೂಢಿಯಂತೆ ಎದ್ದು ಆಕಾಶ ನೋಡಿದೆ.  ಪಶ್ಚಿಮದಲ್ಲಿ, ಚಿಮಣಿಯ ಬಲಕ್ಕೆ ಎರಡು ಬೆರಳಿನಷ್ಟು ಮೇಲೆ, ಒಂದು ಮೋಡವಿತ್ತು. ನಿಜವಾದದ್ದು. ಕನ್ನಡಕ ಒರೆಸಿ ನೋಡಿದೆ, ದುರ್ಬೀನು ಹಿಡಿದು ನೋಡಿದೆ, ತಮ್ಮನಿಗೂ ತೋರಿಸಿದೆ. ಅವನು ಚಿಕ್ಕಂದಿನಂತೆ ಕಣ್ಣು ಕಿರಿದು ಮಾಡಿ ನೋಡಿ, "ಇದೆ," ಎಂದ.

ಗಾಳಿ ನೋಡಿದೆ, ಅಂಚು ನೋಡಿದೆ, ಅಳೆದೆ. ಒಂದೂಕಾಲರ ಹೊತ್ತಿಗೆ ಬಯಲಿನ ಮೇಲಿರುತ್ತದೆ. ಎಷ್ಟು ತುಂಡು? ಎರಡು, ಹೆಚ್ಚೆಂದರೆ ಮೂರು. ನಾಲ್ಕು ಎಂದರೂ ಯಾರೂ ನನ್ನನ್ನು ಕೇಳುವವರಿಲ್ಲ. ಮೋಡ ಬಂದೇ ಬರುತ್ತದೆ, ಕ್ಯಾಮೆರಾ ಪಟ ತೆಗೆದೇ ತೆಗೆಯುತ್ತದೆ. ಒಂದು ತುಂಡಿನ ತಪ್ಪು ಎಂಥವರಿಗೂ ಆಗುವುದೇ. ನಾಲ್ಕು ಎಂಬ ಒಂದು ಮಾತಿಗೆ ತಮ್ಮನಿಗೆ ತೊಂಬತ್ತು ದಿನದ ಸಂಬಳ, ಎಂಟು ಲಾರಿ ಕಲ್ಲಿದ್ದಲು, ಇನ್ನೊಮ್ಮೆ ಆ ಕಿಂಡಿ. ಹದಿನಾಲ್ಕು ವರ್ಷದಲ್ಲಿ ಅಷ್ಟು ಉದ್ದದ ಹದಿನೈದು ನಿಮಿಷವನ್ನು ನಾನು ಕಂಡಿರಲಿಲ್ಲ.  ತಮ್ಮ ಅಂಗಿಯ ತೋಳನ್ನು ಇನ್ನೂ ಕೆಳಗೆ ಇಳಿಸಿರಲಿಲ್ಲ.

ಏಳಕ್ಕೆ ಫೋನೆತ್ತಿದೆ.

"ಹೇಳಿ ಮೇಡಂ, ಇವತ್ತು ತೊಂಬತ್ತನೇ ದಿನ," ಎಂದರು ಸಾಹೇಬರು.

"ಒಂದೂಕಾಲಕ್ಕೆ ಒಂದು ಮೋಡ ಬರುತ್ತೆ. ಚಿಕ್ಕದು. ಎರಡರಿಂದ ಮೂರು ತುಂಡು."

"ಮೂರು ದಾಟಲ್ಲ ತಾನೆ? ಬಾಯ್ಲರ್ ಹಚ್ಚೋಕೆ ಹೇಳಲಾ?"

"ಬೇಡ. ಬ್ಯಾಟರಿ ಸಾಕು."

ಫೋನು ಇಟ್ಟೆ. ತಮ್ಮ ಗೋಡೆಗೆ ತಲೆಯಿಟ್ಟು ಕಣ್ಣು ಮುಚ್ಚಿದ. ಹೆಂಡತಿಗೆ ಹೇಳಿ ಬರುತ್ತೇನೆ ಎಂದು ಹೋದವನು ಹತ್ತು ಗಂಟೆಗೆ ಮೂವರಿಗಾಗುವಷ್ಟು ಊಟದ ಡಬ್ಬಿ ಹಿಡಿದು ತಿರುಗಿ ಬಂದ. ಅವಳು ಹೇಳಿ ಕಳಿಸಿದ್ದು ಒಂದೇ ಮಾತಂತೆ, ಇಬ್ಬರೂ ಹೊಟ್ಟೆ ತುಂಬ ತಿನ್ನಿ ಎಂದು.

ಹಗಲು ನಿಧಾನವಾಗಿ ಏರಿತು. ತಗಡಿನ ಚಪ್ಪರ ಬಿಸಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಮೋಡ ಬರುತ್ತಲೇ ಇತ್ತು, ಆತುರವಿಲ್ಲದೆ, ಯಾರದೋ ಮನೆ ಹುಡುಕಿಕೊಂಡು ಬರುವವರಂತೆ. ತಮ್ಮ ನೆಲದ ಮೇಲೆ ಅಂಗಾತ ಮಲಗಿದ್ದ. ನಾನೂ ಕುರ್ಚಿ ಬಿಟ್ಟು ಕೆಳಗೆ ಕೂತೆ. ಒಂದೂಕಾಲು ದಾಟಿ ಮೂರು ನಿಮಿಷಕ್ಕೆ ನೆರಳು ಬಯಲಿನ ಅಂಚು ಮುಟ್ಟಿತು, ಸಾಲುಸಾಲಾಗಿ ಹತ್ತಿ ಬಂತು, ತಾರಸಿಯನ್ನೂ ದಾಟಿ ನಮ್ಮ ಮೇಲೆ ಬಿತ್ತು. ತಂಪಾಯಿತು. ತಮ್ಮ ಸುಟ್ಟ ಕೈಯನ್ನು ಚಪ್ಪರದಿಂದಾಚೆ ಚಾಚಿ ನೆರಳಿನಲ್ಲಿ ಇಟ್ಟುಕೊಂಡ.

ಮೊದಲ ತುಂಡು ಮುಗಿಯಿತು. ಎರಡನೆಯದೂ ಮುಗಿಯಿತು. ಮೋಡ ಹೋಗಲಿಲ್ಲ. ಗಾಳಿ ನಿಂತಿತ್ತು, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿ ಚೀಲ ಕಂಬಕ್ಕೆ ಜೋತುಬಿದ್ದಿತ್ತು.  ನಾನು ತಪ್ಪು ಅಳೆದಿದ್ದರೆ ಆಸ್ಪತ್ರೆ ಇದೆ, ಪಂಪಿದೆ. ಬಾಯ್ಲರು ಮಾತ್ರ ತಣ್ಣಗೆ ಕೂತಿದೆ. ನಿಜವಾದ ಮೋಡಕ್ಕೆ ನಾನು ಹೇಳಿದ್ದು ಗೊತ್ತಿರಬೇಕಲ್ಲ. ಮೂರನೆಯ ತುಂಡು ಮುಗಿಯಲು ನಾಲ್ಕು ನಿಮಿಷವಿರುವಾಗ ಗಾಳಿ ಚೀಲ ಒಮ್ಮೆ ಉಬ್ಬಿತು. ಪಶ್ಚಿಮದ ಕಡೆಯ ಫಲಕಗಳ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕಿತು.

ಸಾಹೇಬರ ಫೋನು ಬಂತು. ಊರಿನಲ್ಲಿ ಒಂದು ಫ್ಯಾನೂ ನಿಂತಿಲ್ಲ, ಬ್ಯಾಟರಿ ಚೆನ್ನಾಗಿ ಹೊತ್ತುಕೊಂಡಿತು ಎಂದರು. ತೊಂಬತ್ತು ದಿನ ತುಂಬಿತು, ಬಾಯ್ಲರಿನ ಕಾಗದ ನಾಳೆ ಹೊರಡುತ್ತದೆ ಎಂದೂ ಹೇಳಿದರು. ತಮ್ಮನಿಗೆ ಹೇಳುವ ಅಗತ್ಯವಿರಲಿಲ್ಲ. ಅವನು ಚಿಮಣಿಯನ್ನೇ ನೋಡುತ್ತಿದ್ದ. ಅಳುತ್ತಿದ್ದ, ಸದ್ದಿಲ್ಲದೆ. ಹೆದರಿಕೆಯಿದ್ದರೂ ಇಪ್ಪತ್ತೆರಡು ವರ್ಷದ ಬೆಂಕಿ ಅದು. ನಾನು ಅವನ ತಲೆ ಸವರಿದೆ, ಎಷ್ಟೋ ವರ್ಷದ ಮೇಲೆ.

ಆಮೇಲೆ ಮೇಜಿನ ಮೇಲಿನ ದಾಖಲೆ ಪುಸ್ತಕ ಇಳಿಸಿಕೊಂಡು ಹಳೆಯ ಹಾಳೆ ತಿರುವಿದೆ. ನಾಲ್ಕು ಕಡೆ ನನ್ನ ಅಕ್ಷರದಲ್ಲಿ ಮೋಡ ಎಂದಿತ್ತು. ಪೆನ್ನು ತೆಗೆದು ಮೊದಲನೆಯದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಗೆ ಎಂದು ಬರೆದೆ.

ತಮ್ಮ ಎದ್ದು ಕೂತ. "ಏನ್ ಮಾಡ್ತಿದೀಯ ಅಕ್ಕ? ಇದನ್ನ ನೋಡಿದ್ರೆ ನಿನ್ನ ಕೆಲಸಾನೂ ಹೋಗುತ್ತೆ."

"ಹೋಗ್ಲಿ. ಮುಂದೆ ಈ ಕುರ್ಚೀಲಿ ಕೂರೋರು ಹಳೇ ಲೆಕ್ಕ ನೋಡ್ಕೊಂಡೇ ಆಕಾಶ ಅಳೆಯೋದು. ಇಲ್ಲಿ ನಾಲ್ಕು ತುಂಡು ನಿಲ್ಲೋ ಮೋಡ ಬರುತ್ತೆ ಅಂತ ನಂಬಿ ಇನ್ನೆಲ್ಲೋ ಒಂದು ಬಾಯ್ಲರ್ ಇಟ್ಕೊಂಡಿರ್ತಾರೆ. ಅಲ್ಲೂ ಯಾರದೋ ತಮ್ಮ ಇರ್ತಾನೆ." ನನಗೆ ಮತ್ತೆ ಕೋಪ ಬಂತು. "ಸುಮ್ನೆ ಕೂತು ಹೇಳೋ. ಹೊಗೆ ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ನಿಂತಿತು, ನಿನಗೇ ತಾನೆ ಗೊತ್ತಿರೋದು."

 ಅವನು ಕಣ್ಣು ಮುಚ್ಚಿ, ಪಾಠ ಒಪ್ಪಿಸುವವನಂತೆ ಹೇಳಿದ. ದಿಂಬು, ಒಂದಕ್ಕೆ ಐದು ನಿಮಿಷವಿರುವಾಗ ಶುರು, ಎರಡಕ್ಕೆ ಮುಗಿಯಿತು. ಎಮ್ಮೆ, ಅಷ್ಟೇ ಹೊತ್ತಿಗೆ ಶುರು, ಎರಡಕ್ಕೆ ಮೂರು ನಿಮಿಷವಿರುವಾಗ ಮುಗಿಯಿತು. ಸೋಮಾರಿ, ಎರಡು ದಾಟಿ ಐದು ನಿಮಿಷಕ್ಕೆ ಮುಗಿಯಿತು. ಒಂದೊಂದನ್ನೂ ಬರೆದುಕೊಂಡೆ.

"ನಾಲ್ಕನೇದು?"

"ಶುರುವಾಗಿದ್ದು ಗೊತ್ತು. ನಿಂತಿದ್ದು ಗೊತ್ತಿಲ್ಲ ಅಕ್ಕ," ಎಂದ. "ನನ್ನನ್ನ ಅಷ್ಟೊತ್ತಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು."

ಹೊಗೆ ನಿಂತ ವೇಳೆ ನನಗೆ ಗೊತ್ತಿತ್ತು. ಇದೇ ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ, ಅದನ್ನು ಕೊನೆಯವರೆಗೂ ನೋಡಿದ್ದೆ. ಎರಡು ದಾಟಿ ಹತ್ತು ನಿಮಿಷ ಎಂದು ಬರೆದೆ.